ಏಳನೆಯ ಭಾಗದ ಕೊನೆಯ ಹಾಳೆ

ಪುಸ್ತಕ ಬರೆದವರ ಹೆಸರು ರಕ್ಷಾಪುಟದ ಮೇಲಿರುತ್ತದೆ, ಅಚ್ಚು ಹಾಕಿದವರ ಹೆಸರು ಒಳಪುಟದಲ್ಲಿರುತ್ತದೆ, ಎರವಲು ಒಯ್ದವರ ಹೆಸರು ನಮ್ಮ ರಿಜಿಸ್ಟರಿನಲ್ಲಿರುತ್ತದೆ. ಹರಿದ ಪುಸ್ತಕವನ್ನು ಹೊಲಿದು, ಅಂಟಿಸಿ, ರಟ್ಟು ಹಾಕಿ ಮತ್ತೆ ಓದುಗರ ಕೈಗೆ ಕೊಡುವವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಈ ಹೆಸರಿಲ್ಲದ ವಿದ್ಯೆಯಲ್ಲಿ ಮೂವತ್ತನಾಲ್ಕು ವರ್ಷ ಕೈ ಪಳಗಿಸಿಕೊಂಡು, ಈ ತಿಂಗಳ ಕೊನೆಗೆ ನಮ್ಮ ಗ್ರಂಥಾಲಯದಿಂದ ನಿವೃತ್ತರಾಗುತ್ತಿರುವ ಅಂಟಕ್ಕನವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುವುದಿಲ್ಲವಾದ್ದರಿಂದ ಇಲ್ಲಿ ಅದರ ಗೊಡವೆ ಬೇಡ.

ಮೆಟ್ಟಿಲ ಕೆಳಗಿನ ಇಳಿಜಾರು ಕೋಣೆಯೇ ಅವರ ಸಾಮ್ರಾಜ್ಯ. ಕಿಟಕಿಯ ಪಕ್ಕ ಕಬ್ಬಿಣದ ಒತ್ತುಯಂತ್ರ, ಗೋಡೆಗೆ ಒರಗಿಸಿದ ರಟ್ಟುಗಳು, ಡಬ್ಬಿಯ ತುಂಬ ದಬ್ಬಳ ಮತ್ತು ಸೂಜಿಗಳು, ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿ ಕುದಿಸಿದ ಮೈದಾ ಅಂಟು. ಮಧ್ಯಾಹ್ನದ ಬಿಸಿಲು ಅಡ್ಡಡ್ಡ ಬಿದ್ದಾಗ ಅಲ್ಲಿ ಕಾಗದದ ಧೂಳು ಎದ್ದೂ ಬೀಳದೆ ತೇಲುತ್ತಿರುತ್ತದೆ. ಅಲ್ಲಿ ಅರ್ಧ ಗಂಟೆ ಕುಳಿತವರಿಗೆ ತಾವು ಕಚೇರಿಯಲ್ಲಿದ್ದೇವೆಂಬುದೇ ಮರೆತುಹೋಗುತ್ತದೆ. ನನಗಂತೂ ಎಷ್ಟೋ ಸಲ ಮರೆತಿದೆ, ಅದಕ್ಕಾಗಿ ಬೈಗುಳವೂ ಸಿಕ್ಕಿದೆ.

ಇಪ್ಪತ್ತಾರು ವರ್ಷಗಳ ಹಿಂದೆ ನಾನು ಕ್ಯಾಟಲಾಗ್ ವಿಭಾಗಕ್ಕೆ ಸೇರಿದ ಮೊದಲ ವಾರವೇ ಇನ್ನೂರು ಪುಸ್ತಕಗಳ ಬೆನ್ನಿಗೆ ಸಂಖ್ಯೆಯ ಚೀಟಿಗಳನ್ನು ತಲೆಕೆಳಗಾಗಿ ಅಂಟಿಸಿಬಿಟ್ಟೆ. "ನಿನ್ನ ಪುಸ್ತಕಗಳೆಲ್ಲ ಶೀರ್ಷಾಸನ ಹಾಕಿವೆ ಕಣೇ ಮಗಳೇ" ಎಂದು ನಕ್ಕು, ಮುಖ್ಯ ಗ್ರಂಥಪಾಲಕರ ಕಣ್ಣಿಗೆ ಬೀಳುವ ಮೊದಲೇ ಎಲ್ಲವನ್ನೂ ನೆನೆಸಿ ಬಿಡಿಸಿ ಸರಿಪಡಿಸಿದವರು ಅಂಟಕ್ಕ. ಕೈನಡುಕದ ಹಿರಿಯರೊಬ್ಬರಿಗೆ ದಪ್ಪ ಪುಸ್ತಕ ಎತ್ತಲಾಗದೆಂದು ತಿಳಿದಾಗ ಅದನ್ನು ಬಿಚ್ಚಿ ನಾಲ್ಕು ತೆಳು ಪುಸ್ತಕಗಳಾಗಿ ಕಟ್ಟಿಕೊಟ್ಟರು. ಪುಸ್ತಕಗಳೊಳಗೆ ಸಿಕ್ಕ ಪತ್ರ, ಫೋಟೋ, ಕನ್ನಡಕದ ಚೀಟಿಗಳನ್ನು ಯಾರಿಗೂ ಓದಿ ತೋರಿಸದೆ, ತಾವೂ ಓದದೆ, ಆಯಾ ಓದುಗರಿಗೆ ಮುಟ್ಟಿಸಿದರು. ತಾವೂ ಓದದೆ ಎಂದದ್ದು ಅವರ ಮಾತು. ನನಗೆ ಪೂರ್ತಿ ನಂಬಿಕೆಯಿಲ್ಲ.

ಆದರೆ ಈ ಅಭಿನಂದನ ಸಂಪುಟಕ್ಕೆ ಬರೆಯಿರೆಂದು ಸಂಪಾದಕರು ನನ್ನನ್ನೇ ಹುಡುಕಿಕೊಂಡು ಬಂದದ್ದು 'ಮರುದಿನದ ಮಾಂತ್ರಿಕ'ನ ಕಾರಣದಿಂದ. ಆ ಏಳು ಭಾಗಗಳ ನಗೆಕಥೆಯನ್ನು ಓದದವರಿಗಾಗಿ ಎರಡು ಮಾತು ಹೇಳಬೇಕು (ಅಂಥವರೂ ಇದ್ದಾರೆಂದು ಕೇಳಿದ್ದೇನೆ, ಅಯ್ಯೋ ಪಾಪ!). ಅದರಲ್ಲೊಬ್ಬ ಮಾಂತ್ರಿಕನಿದ್ದಾನೆ, ಅವನು ಹಾಕಿದ ಮಂತ್ರವೆಲ್ಲ ತಪ್ಪದೆ ಫಲಿಸುತ್ತದೆ, ಆದರೆ ಮಾರನೆಯ ದಿನ. ಬೆಂಕಿ ಬಿದ್ದ ಊರಿಗೆ ಇಂದು ಮಳೆ ಬರಿಸಿದರೆ ನಾಳೆ ಸುರಿದು, ಬೂದಿಯಲ್ಲಿ ಕುಳಿತವರ ಬೈಗುಳ ತಿನ್ನಿಸುತ್ತದೆ. ಅವನ ಬೆನ್ನ ಮೇಲೊಂದು ಬಾಗಿಲು. ಬರೀ ಬಾಗಿಲು, ಮನೆಯಿಲ್ಲ. ಸದಾ ಮುಖ ಊದಿಸಿಕೊಂಡಿರುವ ಅದು ಯಾರು ಏನು ಮಾಡಿದರೂ ತೆರೆಯುವುದಿಲ್ಲ. ಅದರಾಚೆ ಏನಿದೆಯೆಂದು ಮಾಂತ್ರಿಕನಿಗೂ ಗೊತ್ತಿಲ್ಲ.

ನಮ್ಮ ವಾಚನಾಲಯದಲ್ಲಿ ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಈ ಪುಸ್ತಕಗಳ ಅಭಿಮಾನಿ ಬಳಗ ಸೇರುತ್ತದೆ. ಬಳಗದವರನ್ನು ಗುರುತಿಸುವುದು ಸುಲಭ: ಅವರು ಯಾವ ಬಾಗಿಲನ್ನೂ ಸುಮ್ಮನೆ ದೂಡುವುದಿಲ್ಲ, "ಊಟ ಆಯ್ತಾ?" ಎಂದು ಮೆಲ್ಲಗೆ ಕೇಳಿಯೇ ಒಳಗೆ ಹೋಗುತ್ತಾರೆ. ನಮ್ಮ ಹಲ್ಲಿನ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನ ಬಾಗಿಲನ್ನು ಹೀಗೆ ವಿಚಾರಿಸುವುದನ್ನು ಕಂಡು ಹೊಸ ರೋಗಿಯೊಬ್ಬರು ಹಲ್ಲುನೋವು ಮರೆತು ಮನೆಗೆ ಹೋದದ್ದುಂಟು. ಈ ರೂಢಿ ಹುಟ್ಟಿದ್ದು ಏಳನೆಯ ಭಾಗದ ಕೊನೆಯ ಹಾಳೆಯಿಂದ.

ಆ ಹಾಳೆಗೆ ಒಂದು ಕಥೆಯಿದೆ. ಏಳನೆಯ ಭಾಗ ಗ್ರಂಥಾಲಯಕ್ಕೆ ಬಂದ ಮೊದಲ ವಾರವೇ ಯಾರೋ ಪುಣ್ಯಾತ್ಮರು ಕೊನೆಯ ಹಾಳೆಯನ್ನು ಕಿತ್ತುಕೊಂಡು ಹೋಗಿದ್ದರು. ಅಷ್ಟರಲ್ಲಿ ಪ್ರಕಾಶನ ಸಂಸ್ಥೆ ಮುಚ್ಚಿಹೋಗಿತ್ತು, ಬೇರೆ ಪ್ರತಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷವದು. ನಮ್ಮಮ್ಮ ಹಾಸಿಗೆ ಹಿಡಿದ ವರ್ಷವೂ ಅದೇ.

ಅಮ್ಮ ಬಟ್ಟೆ ಹೊಲಿಯುತ್ತಿದ್ದವರು. ಮೇಣ ತಿಕ್ಕಿದ ಗಟ್ಟಿ ದಾರದ ಗುಟ್ಟನ್ನು ಅಂಟಕ್ಕನಿಗೆ ಕಲಿಸಿದ್ದು ಅವರೇ. ಅದರಿಂದಲೇ ಇಬ್ಬರಿಗೂ ಗಳಸ್ಯ ಕಂಠಸ್ಯ. ಭಾನುವಾರ ಅಂಟಕ್ಕ ನಮ್ಮ ಮನೆಗೆ ಬಂದರೆ ಮಾತೆಲ್ಲ ಮಾಂತ್ರಿಕನದೇ. "ಆ ಬಾಗಿಲು ತೆಗೀತೋ ಇಲ್ವೋ ಅಂತ ಗೊತ್ತಾಗೋ ತನಕ ನಾನು ಎಲ್ಲಿಗೂ ಹೋಗೋಳಲ್ಲ" ಎಂದು ಅಮ್ಮ ನಗುತ್ತ ಹೇಳುವರು. ನಾವಿಬ್ಬರೂ ನಗಲಾರದೆ ನಗುತ್ತಿದ್ದೆವು.

ಒಂದು ದಿನ ಅಂಟಕ್ಕ, ದೂರದ ಊರಿನ ಪ್ರತಿಯೊಂದರಿಂದ ನಕಲು ಮಾಡಿಸಿ ತಂದದ್ದೆಂದು ಹೇಳಿ, ಟೈಪು ಮಾಡಿದ ಕೊನೆಯ ಹಾಳೆ ಹೊಲಿದಿದ್ದ ಆ ಪುಸ್ತಕವನ್ನು ನನ್ನ ಕೈಗಿಟ್ಟರು. ಅಮ್ಮನ ಮಂಚದ ಪಕ್ಕ ಕುಳಿತು ನಾನು ಓದಿದೆ. ಮಾಂತ್ರಿಕ ದಂಡವನ್ನು ಬದಿಗಿಟ್ಟು ಬಾಗಿಲ ಮುಂದೆ ನೆಲದ ಮೇಲೆ ಕೂರುತ್ತಾನೆ. ಏಳು ಭಾಗಗಳಲ್ಲಿ ಎಲ್ಲರೂ ಅದಕ್ಕೆ ತೆರೆ, ತೆರೆ ಎಂದವರೇ. ಅವನು ಮೊದಲ ಬಾರಿಗೆ ಕೇಳುತ್ತಾನೆ: ಊಟ ಆಯ್ತಾ? ಬಾಗಿಲು, ಇಲ್ಲ ಎನ್ನುತ್ತದೆ. ಅವನು ಬುತ್ತಿ ಬಿಚ್ಚುತ್ತಾನೆ. ಆಮೇಲೆ ಎಡಗೈಯಿಂದ ಅದನ್ನು ತುಸು ಮೇಲಕ್ಕೆತ್ತಿ, ಭುಜ ಕೊಟ್ಟು ಒತ್ತಿದಾಗ ಬಾಗಿಲು ತೆರೆಯುತ್ತದೆ. ಆಚೆ ಇರುವುದು ನಾಳೆ. ತಡವಾಗಿ ಸುರಿದ ಮಳೆಗಳು, ತಡವಾಗಿ ಬಿರಿದ ಹೂಗಳು, ತಡವಾಗಿ ವಾಸಿಯಾದ ಕಾಯಿಲೆಗಳೆಲ್ಲ ಅಲ್ಲಿ ಅವನಿಗಾಗಿ ಕಾಯುತ್ತ ಕುಳಿತಿರುತ್ತವೆ.

ಅಮ್ಮ ಎರಡು ಸಲ ಓದಿಸಿದರು. "ಇದನ್ನ ಬರೆದೋರಿಗೆ ನಮ್ಮ ಮನೆ ಗೊತ್ತಿರೋ ಹಾಗಿದೆ" ಎಂದು ನಕ್ಕು ಕಣ್ಣು ಮುಚ್ಚಿದರು. ಲೇಖಕರನ್ನು ಹೊಗಳಿದರೆಂದೇ ನಾನು ತಿಳಿದೆ. ಅದಾದ ಹನ್ನೊಂದನೆಯ ದಿನ ಅವರು ಹೋದರು. ನಾನು ಅವರಿಗೆ ಓದಿ ಹೇಳಿದ ಕೊನೆಯ ಪುಟ ಅದೇ.

ಈ ವರ್ಷ ಹೊಸ ಪ್ರಕಾಶಕರು ಏಳೂ ಭಾಗಗಳನ್ನು ಮರುಮುದ್ರಿಸಿದರು. ಬಳಗ ಕುಣಿದಾಡಿ ತರಿಸಿಕೊಂಡು ಕೊನೆಯ ಪುಟ ತೆರೆದರೆ ಅಲ್ಲಿ ಊಟವೂ ಇಲ್ಲ, ನಾಳೆಯೂ ಇಲ್ಲ! ಮಾಂತ್ರಿಕ ಬಾಗಿಲನ್ನು ಅರಮನೆಗೆ ಒಪ್ಪಿಸುತ್ತಾನೆ, ಅರಸ ಅವನಿಗೆ ಹುದ್ದೆ ಕೊಡುತ್ತಾನೆ, ಬಾಗಿಲು ಮುಚ್ಚಿಯೇ ಉಳಿಯುತ್ತದೆ. ಇದು ಮುಕ್ತಾಯವೋ ವರ್ಗಾವಣೆಯ ಆದೇಶವೋ! ನಮ್ಮ ಪುಟವನ್ನು ಕತ್ತರಿಸಿದವರು ಯಾರೆಂದು ಕೆಂಡ ಕಾರಿ ನಾನು ಪ್ರಕಾಶಕರಿಗೆ ನಾಲ್ಕು ಪುಟಗಳ ಪತ್ರ ಬರೆದೆ, ನೂರನಲವತ್ತು ಜನ ಸಹಿ ಹಾಕಿದರು. ಹೊಲಿದು ಕೊಡಿರೆಂದು ಅದನ್ನು ಅಂಟಕ್ಕನ ಮೇಜಿನ ಮೇಲಿಟ್ಟೆ. ಅವರು ಸೂಜಿ ಮುಟ್ಟಲಿಲ್ಲ.

"ಕಳಿಸಬೇಡ ಮಗಳೇ," ಎಂದರು. "ಅವರು ಏನೂ ಕತ್ತರಿಸಿಲ್ಲ. ನಮ್ಮಲ್ಲಿರೋದು ನಾನು ಬರೆದದ್ದು. ಹೋಗೋ ಮುಂಚೆ ಅದನ್ನ ಕತ್ತರಿಸಿ ತೆಗೆದುಬಿಡ್ತೀನಿ. ಸುಳ್ಳು ಹಾಳೆ ಹೊಲಿದಿಟ್ಟು ಹೋದಳು ಅನ್ನೋ ಮಾತು ಬೇಡ."

ನನ್ನ ಸಿಟ್ಟನ್ನು ಮುಚ್ಚಿಡುವುದಿಲ್ಲ. ಸಾಯುತ್ತಿದ್ದ ಅಮ್ಮನಿಗೆ ನನ್ನ ಬಾಯಿಂದಲೇ ಸುಳ್ಳು ಓದಿಸಿದರಲ್ಲ! "ತೆಗೀರಿ" ಎಂದು ಹೇಳಿ ಬಂದವಳು ಮೂರು ದಿನ ಮಾತು ಬಿಟ್ಟೆ.

ನಾಲ್ಕನೆಯ ದಿನ ಕತ್ತರಿಸಲು ಕೊಡಬೇಕೆಂದು ಪುಸ್ತಕವನ್ನು ಕಪಾಟಿನಿಂದ ತೆಗೆದು, ನಿಂತಲ್ಲೇ ಕೊನೆಯ ಬಾರಿಗೆ ಓದಿದೆ. ಎಡಗೈಯಿಂದ ತುಸು ಮೇಲಕ್ಕೆತ್ತಿ, ಭುಜ ಕೊಟ್ಟು. ಹಾಗೆ ತೆರೆಯಬೇಕಾಗಿದ್ದದ್ದು ನಮ್ಮ ಅಡುಗೆಮನೆಯ ಬಾಗಿಲು. ಅದು ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ಪ್ರತಿದಿನ ಅಮ್ಮ ಹಾಗೆಯೇ ಅದನ್ನು ತೆರೆಯುತ್ತಿದ್ದರು. ಬಾಗಿಲಿಗೆ ಮುನಿಸು ಎಂದು ತಮಾಷೆ ಮಾಡುತ್ತಿದ್ದರು.

ಮೆಟ್ಟಿಲ ಕೆಳಗಿನ ಕೋಣೆಗೆ ಓಡಿದೆ. "ಅಮ್ಮನಿಗೆ ಗೊತ್ತಿತ್ತಾ?" ಎಂದು ಕೇಳಿದೆ.

ಅಂಟಕ್ಕ ಕನ್ನಡಕ ತೆಗೆದರು. "ಪುಸ್ತಕ ನಿನ್ನ ಕೈಲಿ ವಾಪಸ್ ಕಳಿಸಿದರಲ್ಲ, ಅದರ ಜೊತೆ ಒಂದು ಪೊಟ್ಟಣ ಇತ್ತು, ಜ್ಞಾಪಕ ಇದೆಯಾ? ಅದರಲ್ಲಿ ನೀಲಿ ದಾರದ ಉಂಡೆ, ಒಂದು ಚೀಟಿ. ನಿನ್ನ ಹೊಲಿಗೆ ಸಡಿಲ ಆಗಿದೆ, ನನ್ನ ದಾರದಲ್ಲಿ ಭದ್ರ ಮಾಡು, ಈ ಹಾಳೆ ಬೀಳಬಾರದು ಅಂತ ಬರೆದಿದ್ದರು."

ಪುಸ್ತಕ ಬಿಡಿಸಿ ನೋಡಿದೆವು. ಉಳಿದ ಹೊಲಿಗೆಯೆಲ್ಲ ಬಿಳಿ, ಆ ಒಂದು ಹಾಳೆಗೆ ನೀಲಿ. ಇಪ್ಪತ್ತಾರು ವರ್ಷಗಳ ಹಿಂದೆ ಆ ಪುಸ್ತಕದ ಕಾರ್ಡಿನಲ್ಲಿ 'ದುರಸ್ತಿ: ನೀಲಿ ದಾರ' ಎಂದು ಬರೆದಿಟ್ಟವಳು ನಾನೇ. ಅಂಟಕ್ಕನ ಹೆಗಲ ಮೇಲೆ ತಲೆಯಿಟ್ಟು ಚೆನ್ನಾಗಿ ಅತ್ತೆ.

ಆದರೂ ಅವರು ಹಟ ಬಿಡಲಿಲ್ಲ. ಶನಿವಾರ ಬಳಗದ ಮುಂದೆ ನಿಂತು, ಪುಸ್ತಕವನ್ನೂ ಬ್ಲೇಡನ್ನೂ ಮೇಜಿನ ಮೇಲಿಟ್ಟು, ಎಲ್ಲವನ್ನೂ ಹೇಳಿದರು. ಉಗುರಿನ ಸಂದಿಯಲ್ಲಿ ಒಣಗಿದ ಅಂಟು ಹಾಗೆಯೇ ಇತ್ತು. ಕೊನೆಗೆ ಎದ್ದವರು ಬಸ್ಸಿನ ಕೆಲಸದಿಂದ ನಿವೃತ್ತರಾದ, ನಾವೆಲ್ಲ ಕಂಡಕ್ಟರ್ ಮಾವ ಎನ್ನುವ ಹಿರಿಯರು.

"ಏನಕ್ಕ ಇದು? ಇಪ್ಪತ್ತಾರು ವರ್ಷ ನಿಮ್ಮನ್ನ ನಂಬಿ ಬಸ್ಸಿನ ಬಾಗಿಲಿಗೆಲ್ಲ ಊಟ ಆಯ್ತಾ ಅಂತ ಕೇಳಿದ್ದೀನಿ! ನನ್ನ ಒಂದು ದಿನ ಕೇಳಿದ್ದೀರಾ ಅಂತ ಹೆಂಡತಿ ಹತ್ರ ಬೈಸಿಕೊಂಡಿದ್ದೀನಿ! ಆಮೇಲೆ ಅವಳನ್ನೂ ದಿನಾ ಕೇಳೋಕೆ ಶುರು ಮಾಡಿದೆ. ಈಗ ಅದೆಲ್ಲ ಸುಳ್ಳು ಅಂದ್ರೆ ಹೇಗೆ? ಆ ಬ್ಲೇಡು ಇಲ್ಲಿ ಕೊಡಿ," ಎಂದವರೇ ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದರು. ಹೊಟ್ಟೆ ಹುಣ್ಣಾಗುವಂತೆ ನಕ್ಕವರಲ್ಲಿ ಅರ್ಧ ಜನರ ಕಣ್ಣು ಒದ್ದೆಯಾಗಿತ್ತು.

ಮುಖ್ಯ ಗ್ರಂಥಪಾಲಕರು, ಹಾಳೆ ಉಳಿಯಬಹುದು, ಆದರೆ ಅದು ಯಾರದೆಂದು ಕ್ಯಾಟಲಾಗಿನಲ್ಲಿ ದಾಖಲಾಗಬೇಕು ಎಂದರು. ಆ ಕಾರ್ಡನ್ನು ನಾನೇ ಬರೆದೆ. ಲೇಖಕರ ಹೆಸರಿನ ಕೆಳಗೆ ಈಗ ಒಂದು ಸಾಲಿದೆ: 'ಕೊನೆಯ ಹಾಳೆ: ಅಂಟಕ್ಕ. ದಾರ: ಅಮ್ಮ.' ನನ್ನ ವೃತ್ತಿಯಲ್ಲಿ ಇದಕ್ಕಿಂತ ಸರಿಯಾದ ಕಾರ್ಡನ್ನು ನಾನು ಬರೆದಿಲ್ಲ.

ಈ ಅಭಿನಂದನ ಸಂಪುಟವನ್ನು ಹೊರಗೆ ಕೊಟ್ಟು ಕಟ್ಟಿಸೋಣವೆಂದರೆ ಅಂಟಕ್ಕ ಸುತರಾಂ ಒಪ್ಪಲಿಲ್ಲ. ತಮ್ಮ ಹೊಗಳಿಕೆಯನ್ನು ತಾವೇ ಹೊಲಿಯುವುದಾಗಿ ಪಟ್ಟು ಹಿಡಿದಿದ್ದಾರೆ. ಆದ್ದರಿಂದ, ಅಕ್ಕ, ಈ ಸಾಲನ್ನು ಈಗ ನೀವು ಮಡಿಸುತ್ತಿರುತ್ತೀರಿ. ನೀಲಿ ಉಂಡೆಯಲ್ಲಿ ಇನ್ನೂ ಮೂರ್ನಾಲ್ಕು ಮೊಳ ದಾರ ಉಳಿದಿದೆಯೆಂದು ನನಗೆ ಗೊತ್ತು, ಅದನ್ನೇ ಬಳಸಿ. ನೂರು ವರ್ಷ ಬಾಳಿ, ಕೈ ಸೋಲದಿರಲಿ, ಕಣ್ಣು ಮಂಜಾಗದಿರಲಿ ಎಂದು ನಾವೆಲ್ಲ ಇಂದು ಹಾರೈಸುತ್ತೇವೆ. ನಮ್ಮ ಮಾಂತ್ರಿಕನ ಕ್ರಮದಂತೆ ಅದು ನಾಳೆ ಫಲಿಸಲಿ, ನಾಳೆ ವಿಚಾರಿಸಿದರೆ ಅದರ ನಾಳೆ. ಸಂಪುಟದ ಕೊನೆಯ ಹಾಳೆಯನ್ನು ಖಾಲಿ ಬಿಟ್ಟಿದ್ದೇವೆ, ಯಾರೂ ಕಿತ್ತುಕೊಂಡು ಹೋದದ್ದಲ್ಲ. ಅದನ್ನು ನೀವೇ ಬರೆಯಬೇಕು. ಅವಸರವೇನಿಲ್ಲ. ಮೊದಲು ಹೇಳಿ ಅಕ್ಕ, ಊಟ ಆಯ್ತಾ?