ಕುಣಿಗಲ್ಲಿನಲ್ಲಿ ನಕ್ಕ ಮೇಷ್ಟ್ರು

ನನ್ನ ತಂಗಿಯ ವೆಬ್‌ಸೈಟನ್ನು ಕುಣಿಗಲ್ಲಿನಲ್ಲಿ ಒಬ್ಬ ಮೇಷ್ಟ್ರು ಓದಿ ಗಟ್ಟಿಯಾಗಿ ನಕ್ಕರು ಎಂದು ನಾನು ಅವಳಿಗೆ ಹೇಳಿದ್ದೆ. ಅಂಥ ಮೇಷ್ಟ್ರು ಯಾರೂ ಇರಲಿಲ್ಲ. ಇದನ್ನು ಬರೆಯಲು ಕೂತವನು ಈಗಾಗಲೇ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದಿದ್ದೇನೆ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ನಾನು ತುಮಕೂರು-ಕುಣಿಗಲ್ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಓದಿದ್ದು ಏಳನೇ ಕ್ಲಾಸು. ತಂಗಿ ಪಿಯುಸಿ ಮುಗಿಸಿ ತುಮಕೂರಿನ ಶಿರಾ ಗೇಟಿನ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಕರಪತ್ರ, ಅರ್ಜಿ ಟೈಪ್ ಮಾಡುತ್ತಿದ್ದಳು. ಅಲ್ಲಿಗೆ ಬಂದವರು ಆಡಿದ ಮಾತು, ಜಗಳ, ತಮಾಷೆಗಳನ್ನು ಬಿಡುವಾದಾಗ ಕನ್ನಡದಲ್ಲಿ ಬರೆದು, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಜಾಗದಲ್ಲಿ ತನ್ನದೇ ಒಂದು ವೆಬ್‌ಸೈಟ್ ಮಾಡಿಕೊಂಡಳು. ಅಂಗಡಿಯ ಫೋನ್ ಲೈನಿನಲ್ಲೇ ಇಂಟರ್ನೆಟ್. ಒಂದು ಪುಟ ಹಾಕುವಷ್ಟರಲ್ಲಿ ಲೈನ್ ಕಟ್ಟಾದರೆ ಮತ್ತೆ ಮೊದಲಿನಿಂದ. ಅದಕ್ಕೆಲ್ಲ ಅವಳು ಬೇಸರಪಡುತ್ತಿರಲಿಲ್ಲ. ಅವಳ ಚಿಂತೆಯೇ ಬೇರೆ.

"ನನ್ ಕಂಪ್ಯೂಟರ್‌ನಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ ಕಣಣ್ಣ. ಕನ್ನಡದ ಫಾಂಟು ಅದ್ರೊಳಗೇ ಐತಲ್ಲ. ಇಲ್ಲಿನ ಸೈಬರ್‌ನೋರೂ ನಮ್ಮಂಗ್ಡೀಲೇ ಹಾಕಿಸ್ಕೊಂಡವ್ರೆ. ಬೇರೆ ಊರಲ್ಲಿ ಹೆಂಗ್ ಕಾಣುತ್ತೋ ಅದು ಗೊತ್ತಾಗ್ಬೇಕು. ನಿನ್ ಬಸ್ಸು ಕುಣಿಗಲ್ಲಲ್ಲಿ ಅರ್ಧ ಗಂಟೆ ನಿಲ್ಲುತ್ತಲ್ಲ, ವಾರಕ್ಕೊಂದ್ಸಲ ನೋಡ್ಕೊಂಡ್ ಬಾ."

ಫಾಂಟು ಎಂದರೆ ಅಕ್ಷರದ ಅಚ್ಚು, ಅದಿಲ್ಲದ ಕಂಪ್ಯೂಟರಿನಲ್ಲಿ ಅವಳ ಕನ್ನಡ ಮೂಡುವುದಿಲ್ಲ ಎಂಬುದೆಲ್ಲ ನನಗೆ ಆಮೇಲೆ ತಿಳಿದದ್ದು. ಅವಳು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. ಜೇಬಿಗೆ ಹಾಕಿಕೊಂಡೆ.

ಮೆಟ್ಟಿಲು ಹತ್ತಿ ಕುಣಿಗಲ್ಲಿನ ಸೈಬರ್‌ಗೆ ನಾನು ಆಗ ಹೋದದ್ದು ಒಂದೇ ಸಲ. ಖಾಕಿ ಅಂಗಿ, ಕಂಕುಳಲ್ಲಿ ಬ್ಯಾಗು. ಸುತ್ತ ಕಾಲೇಜಿನವರು. "ಏನ್ ಕಂಡಕ್ಟ್ರೇ, ರಿಸಲ್ಟ್ ನೋಡ್ಬೇಕಾ?" ಎಂದ ಸೈಬರ್‌ನವನು ಚೀಟಿ ನೋಡಿ ತಾನೇ ಒತ್ತಿಕೊಟ್ಟ. ಪುಟ ತೆರೆಯಿತು. ನೆತ್ತಿಯ ಮೇಲೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಏನೇನೋ ಚಿಹ್ನೆಗಳು. ಫೋಟೋ ಇರಬೇಕಾದ ಕಡೆ ಖಾಲಿ ಚೌಕ, ಅದರೊಳಗೆ ಕೆಂಪು ಗುಣಿಸು ಗುರುತು. ಓದು ಬಲ್ಲವರಿಗೆ ಇದೇ ಕನ್ನಡವಾಗಿ ಕಾಣುತ್ತದೇನೋ, ನನಗೆ ತಿಳಿಯುತ್ತಿಲ್ಲ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಕನ್ನಡ ಯಾವುದು, ಅಲ್ಲದ್ದು ಯಾವುದು ಎಂದು ಏಳನೇ ಕ್ಲಾಸಿನವನಿಗೂ ಗೊತ್ತು. ಇದೇನು ಹೀಗೆ ಎಂದು ಕೇಳಬಹುದಿತ್ತು. ಕೇಳಿದರೆ ಪಕ್ಕದವರೆಲ್ಲ ತಿರುಗಿ ನೋಡುತ್ತಾರೆ ಎಂಬ ಅಳುಕು. ಓದುವವನ ಹಾಗೆ ಸ್ವಲ್ಪ ಹೊತ್ತು ಕೂತು, ತಲೆಯಾಡಿಸಿ ಎದ್ದು ಬಂದೆ.

"ಹೆಂಗಿತ್ತಣ್ಣ?"

"ಚೆನ್ನಾಗಿತ್ತು."

"ಕನ್ನಡ ಬಂತಾ? ಫೋಟೋ?"

"ಎಲ್ಲಾ ಬಂತು ಕಣೇ."

ಆಮೇಲೆ ಬಹಳ ದಿನ ನಾನು ಆ ಮೆಟ್ಟಿಲು ಹತ್ತಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು ಬಂದು, ವಾರವಾರವೂ ಚೆನ್ನಾಗಿತ್ತು ಎನ್ನುತ್ತಿದ್ದೆ. ಒಂದು ಸಂಜೆ ಅವಳು, "ಯಾರೂ ಓದಲ್ಲ ಅನ್ಸುತ್ತೆ, ನಿಲ್ಲಿಸ್ಬುಡ್ತೀನಿ" ಎಂದಳು. ಮುಖ ಸಣ್ಣದಾಗಿತ್ತು. ಆಗ ಹುಟ್ಟಿದರು ಮೇಷ್ಟ್ರು. ಮಗನ ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿ ತನ್ನ ಜೋಡೆತ್ತಿನ ಹೆಸರನ್ನೂ ಹಾಕಬೇಕೆಂದು ಹಟ ಹಿಡಿದ ಗುಬ್ಬಿ ಕಡೆಯ ರೈತನ ಕತೆಯನ್ನು ಅವಳು ಮನೆಯಲ್ಲೇ ಹೇಳಿದ್ದಳು. ಅದನ್ನು ಓದಿ ಒಬ್ಬ ಮೇಷ್ಟ್ರು ನಗುತ್ತಿದ್ದರು ಎಂದುಬಿಟ್ಟೆ.

ಅಂದಿನಿಂದ ಅವಳು ಬರೆದದ್ದೆಲ್ಲ ಅವರಿಗಾಗಿ. "ಈ ಸಾಲು ಮೇಷ್ಟ್ರು ಒಪ್ಪಲ್ಲ" ಎಂದು ತಿದ್ದುವಳು. "ಬಂದಿದ್ರಾ?" ಎಂದು ಕೇಳುವಳು. ಒಂದು ವಾರ ಮೇಷ್ಟ್ರಿಗೆ ಜ್ವರ ಬರಿಸಿದೆ. ಮುಂದಿನ ವಾರ ಅವಳು ಮೊದಲು ಕೇಳಿದ್ದೇ ಅವರಿಗೆ ವಾಸಿಯಾಯಿತೇ ಎಂದು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳೇ ನನ್ನ ಬಸ್ಸು ಹತ್ತಿದಳು. "ಇವತ್ತು ರಜ ಹಾಕಿದೀನಿ. ಮೇಷ್ಟ್ರು ಸಿಕ್ಕಿದ್ರೆ ಮಾತಾಡ್ಸೋಣ."

ಆ ದಾರಿ ಯಾವತ್ತೂ ಅಷ್ಟು ಚಿಕ್ಕದಾಗಿರಲಿಲ್ಲ. ಒಬ್ಬರಿಗೆ ಎರಡು ಸಲ ಟಿಕೆಟ್ ಹರಿದೆ, ಇನ್ನೊಬ್ಬರಿಗೆ ಮರೆತೆ. "ಏನ್ಲಾ, ತಂಗಿ ಬಂದವ್ಳೆ ಅಂತ ಸೀಟಿ ಊದೋದೂ ಮರ್ತ್‌ಬುಟ್ಯಾ?" ಎಂದು ಡ್ರೈವರ್ ಕೂಗಿದ. ಅವಳು ನಕ್ಕಳು. ಟೈರ್ ಪಂಕ್ಚರ್ ಆಗಲಿ, ಕುಣಿಗಲ್ಲಿನಲ್ಲಿ ಕರೆಂಟ್ ಹೋಗಿರಲಿ ಎಂದು ಬೇಡಿಕೊಂಡೆ. ಇಳಿದು ನೋಡಿದರೆ ಸೈಬರ್‌ನಲ್ಲಿ ಲೈಟ್ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಅವಳು ಒಳಗೆ ಹೋದಳು. ನಾನು ಹೊರಗೇ ನಿಂತೆ.

ಬೇಗನೇ ಬಂದಳು.

"ಅಣ್ಣ, ಒಂದ್ಸಲನಾದ್ರೂ ಬಂದಿದ್ಯಾ?"

"ಒಂದ್ಸಲ."

"ಅವತ್ತೂ ಹಿಂಗೇ ಇತ್ತಾ?"

"ಹೂಂ."

"ಓದಕ್ಕಾಗ್ಲಿಲ್ಲ ಅಂದಿದ್ರೆ ಸಾಕಾಗಿತ್ತಲ್ಲಣ್ಣ." ಆಮೇಲೆ ಕೇಳಿದಳು, "ಮೇಷ್ಟ್ರು?"

ನಾನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡೆ. ಅವಳು ಬಸ್ಸಿನ ಕಡೆ ನಡೆದಳು. ವಾಪಸ್ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಕೆಟ್ಟದ್ದನ್ನು ಅವಳು ವಾರದೊಳಗೆ ಸರಿಮಾಡಿದಳು. ಫೋಟೋಗಳನ್ನು ವೆಬ್‌ಸೈಟಿಗೇ ಹಾಕಿರಲಿಲ್ಲ, ಅವು ಅವಳ ಕಂಪ್ಯೂಟರಿನಲ್ಲೇ ಉಳಿದಿದ್ದವು. 'ಕನ್ನಡ ಕಾಣದಿದ್ದರೆ ಈ ಫಾಂಟು ಹಾಕಿಕೊಳ್ಳಿ' ಎಂಬ ಸೂಚನೆಯನ್ನೂ ಅದೇ ಫಾಂಟಿನಲ್ಲಿ ಬರೆದಿದ್ದಳು. ಕಾಣದವರಿಗೆ ಅದೂ ಕಾಣುತ್ತಿರಲಿಲ್ಲ. ಈಗ ಅದನ್ನು ಚಿತ್ರವಾಗಿ ಹಾಕಿದಳು. ಎಲ್ಲವೂ ನೆಟ್ಟಗಾಯಿತು, ಆದರೆ ಹೊಸ ಪುಟವೊಂದನ್ನೂ ಬರೆಯಲಿಲ್ಲ. ನೋಡಿಕೊಂಡು ಬಾ ಎಂದು ನನಗೆ ಹೇಳಲೂ ಇಲ್ಲ.

ಯಾರೂ ಹೇಳದೆ ಒಂದು ದಿನ ಮೆಟ್ಟಿಲು ಹತ್ತಿದೆ. "ನಂಗೆ ಇದೆಲ್ಲ ಗೊತ್ತಾಗಲ್ಲ, ಕನ್ನಡ ಕಾಣಂಗೆ ಮಾಡ್ಕೊಡಿ" ಎಂದೆ. "ಅಷ್ಟೇ ತಾನೇ ಕಂಡಕ್ಟ್ರೇ?" ಎಂದು ಅವನು ಆ ಚಿತ್ರದ ಮೇಲೆ ಒತ್ತಿ ಏನೋ ಮಾಡಿದ. ಯಾರೂ ತಿರುಗಿ ನೋಡಲಿಲ್ಲ. ತಂಗಿಯ ಕನ್ನಡ ಮೂಡಿತು. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದೆ. ಎತ್ತಿನ ಕತೆಗೆ ಮನೆಯಲ್ಲಿ ಹೇಳದಿದ್ದ ಒಂದು ಸಾಲಿತ್ತು: ರೈತ ಅಚ್ಚಾದ ಪತ್ರಿಕೆಯನ್ನು ಎತ್ತುಗಳಿಗೆ ತೋರಿಸಿದಾಗ, ಒಂದೆತ್ತು ಮೂಸಿ ನೋಡಿ ತನ್ನ ಹೆಸರಿದ್ದ ಮೂಲೆಯನ್ನೇ ತಿಂದಿತಂತೆ. ನಾನು ಜೋರಾಗಿ ನಕ್ಕುಬಿಟ್ಟೆ. ಆಗ ಎಲ್ಲರೂ ತಿರುಗಿ ನೋಡಿದರು.

ಸಂಜೆ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಎತ್ತಿನ ಕತೆ ಓದ್ದೆ ಕಣೇ. ನಗು ತಡೆಯಕ್ಕಾಗ್ಲಿಲ್ಲ."

"ಯಾರಿಗೆ, ಮೇಷ್ಟ್ರಿಗಾ?"

"ನಂಗೆ. ತನ್ ಹೆಸರಿದ್ದ ಮೂಲೇನೇ ತಿಂದ್‌ಬುಡ್ತಲ್ಲ."

ಅವಳ ಕೈ ನಿಂತಿತು. ಅಷ್ಟು ದಿನಗಳ ಮೇಲೆ ನನ್ನ ಮುಖ ನೋಡಿದಳು.

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

ಮೊದಲ ದಿನ ಹೇಳಿದ್ದೂ ಇದೇ ಮಾತು. ಅವಳು ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.