ಯೇವೂರಿನ ಕೆಸುವಿನೆಲೆ

ಥಾಣೆಯ ಯೇವೂರು ಬೆಟ್ಟದಲ್ಲಿ, ರಾಷ್ಟ್ರೀಯ ಉದ್ಯಾನದ ಬೇಲಿಯ ಹೊರಗೆ, ಅತ್ತೆ ಪತ್ರೊಡೆಗೆಂದು ಬಗ್ಗಿ ಕೆಸುವಿನೆಲೆ ಕೊಯ್ಯುತ್ತಿದ್ದರು. ಅವರ ಹಿಂದೆ, ಎರಡು ರಿಕ್ಷಾ ನಿಲ್ಲುವಷ್ಟು ದೂರದಲ್ಲಿ, ಚಿರತೆಯೊಂದು ಬಂದು ಕುಳಿತಿತು. ಬಗ್ಗಿದ ಮನುಷ್ಯ ಅದಕ್ಕೆ ಸಣ್ಣ ಪ್ರಾಣಿಯಂತೆ ಕಾಣುತ್ತಾನೆಂದು ಗೇಟಿನ ಕಾವಲುಗಾರ ಹೇಳಿದ್ದ.

"ಅತ್ತೆ, ಮೆಲ್ಲ ಎದ್ದು ನಿಲ್ಲಿ. ಹಿಂದೆ ಚಿರತೆ," ಎಂದೆ ನಾನು.

"ಸುಮ್ಮನಿರು ಮಾರಾಯ್ತಿ! ನಿನಗೆ ಮನೆಗೆ ಹೋಗುವ ಅರ್ಜೆಂಟು. ಇನ್ನೂ ನಾಲ್ಕು ಎಳೆಯ ಎಲೆ ಬೇಕು."

ನಾನು ಹತ್ತಿರ ಹೋಗಿ ರಟ್ಟೆ ಹಿಡಿದು ಎಬ್ಬಿಸಿದೆ. ಅತ್ತೆ ತಿರುಗಿ ನೋಡಿದರು. ಚಿರತೆಯೂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಆಮೇಲೆ ಎದ್ದು ಬಿದಿರಿನೊಳಗೆ ಹೋಯಿತು.

"ಇಷ್ಟು ಎಲೆ ಸಾಕು," ಎಂದರು ಅತ್ತೆ.

ಈಗ ಎಲೆಯನ್ನು ಡೊಂಬಿವಲಿ ಮಾರ್ಕೆಟ್ಟಿನಿಂದ ತರುತ್ತೇವೆ. ಬಲಿತ ಎಲೆ, ತಿಂದರೆ ಗಂಟಲು ತುರಿಸುತ್ತದೆ. ಆದರೂ ಅತ್ತೆ ಯೇವೂರಿನ ಹೆಸರೆತ್ತುವುದಿಲ್ಲ.