ಅಕ್ಕನ ಒಸಡು, ನನ್ನ ಜೋಕು

ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ನಾನು ಹಲ್ಲಿನ ಚಿತ್ರವನ್ನು ಕಣ್ಣು ಮುಚ್ಚಿ ಬಿಡಿಸಬಲ್ಲೆ. ಒಸಡಿಗೆ ಮಾತ್ರ ಎಂದೂ ಬೆಲೆ ಕೊಟ್ಟವನಲ್ಲ. ಗುಲಾಬಿ ಬಣ್ಣ ಬಳಿದು ಹೆಸರು ಬರೆದರೆ ಅರ್ಧ ಅಂಕ, ಅಷ್ಟೇ.

ತಾಂಬಾ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ನಮ್ಮಕ್ಕ ಗಂಗವ್ವ ಪ್ರತಿ ನಾಗರ ಪಂಚಮಿಗೆ ನಮ್ಮ ಮನೆಗೆ ಬರುತ್ತಿದ್ದಳು. ಒಂದು ವರ್ಷ ಅವಳು ಕಚ್ಚಿದ ಶೇಂಗಾ ಉಂಡಿಯ ಮೇಲೆ ಕೆಂಪು ಗುರುತು ಮೂಡಿತು.

"ತಮ್ಮಾ, ಒಸಡಿನಾಗ ರಕ್ತ ಬರಾಕತ್ತೈತಿ ನೋಡು."

"ನಿನ್ನ ಬಾಯಿ ಒಂದ್ ಗಳಿಗಿ ಸುಮ್ನಿರೂದಿಲ್ಲ. ಸವದಿರಬೇಕು" ಎಂದೆ.

ಎಲ್ಲರೂ ನಕ್ಕರು, ಅಕ್ಕ ಎಲ್ಲರಿಗಿಂತ ಹೆಚ್ಚು. ಮರುವರ್ಷವೂ ಅವಳು ಹೇಳಿದಳು, ನಾನು ಅದೇ ಜೋಕು ಹೇಳಿದೆ. ಮುಂದೆ ಅವಳು ಹೇಳುವುದನ್ನೇ ಬಿಟ್ಟು, ಉಂಡಿಯನ್ನು ಪುಡಿ ಮಾಡಿಕೊಂಡು ತಿನ್ನತೊಡಗಿದಳು. ಜೋಕು ಮಾತ್ರ ಪ್ರತಿ ಪಂಚಮಿಗೂ ತಪ್ಪಲಿಲ್ಲ.

ಹೋದ ಪಂಚಮಿಗೆ ಬರುವಾಗ ಸಿಂದಗಿಯಲ್ಲಿ ಬಸ್ಸು ಬದಲಿಸಲು ಇಳಿದವಳಿಗೆ ಮುಂದೆ ಯಾವ ಊರಿಗೆಂಬುದೇ ಮರೆತುಹೋಯಿತು. "ಎಲ್ಲಿಗೆ ಹೊಂಟೀರಿ?" ಎಂದು ಹೂ ಮಾರುವ ಹೆಂಗಸು ಕೇಳಿದರೆ, "ತಮ್ಮನ ಮನೀಗೆ" ಎಂದಳಂತೆ. ಸಂಚಿಯಲ್ಲಿದ್ದ ನನ್ನ ನಂಬರಿನ ಚೀಟಿ ನೋಡಿ ಆಕೆಯೇ ನನಗೆ ಫೋನು ಮಾಡಿದಳು. ಓಡಿಹೋಗಿ ಕರೆತಂದೆ.

ಮರೆವಿಗೆ ಔಷಧಿ ಬರೆದ ಡಾಕ್ಟರರು ಅಕ್ಕನ ಬಾಯಿ ನೋಡಿ, ಹಲ್ಲಿನ ಡಾಕ್ಟರಿಗೂ ತೋರಿಸಿ ಎಂದರು. ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಒಸಡಿನ ಸೋಂಕು ಬಾಯಾಗ ಅಷ್ಟ ನಿಲ್ಲೂದಿಲ್ರಿ ಸರ್. ವಯಸ್ಸಾದವರ ಮಿದುಳಿಗೂ ತ್ರಾಸ ಕೊಡಬಹುದು ಅಂತಾರ. ಇವರ ಮರೆವಿಗೆ ಅದ ಕಾರಣ ಅಂತ ನಾ ಹೇಳಂಗಿಲ್ಲ. ರಕ್ತ ಎಷ್ಟ ವರ್ಷದಿಂದ ಬರತೈತ್ರಿ?"

ಅಕ್ಕನಿಗೆ ನೆನಪಿರಲಿಲ್ಲ. ನನ್ನ ಮುಖ ನೋಡಿದಳು. ನನಗೆ ಚೆನ್ನಾಗಿ ನೆನಪಿತ್ತು.

"ಆರು ವರ್ಷ" ಎಂದೆ. ಅದು ನನ್ನ ಜೋಕಿನ ವಯಸ್ಸು.

ಕಾರಣ ಸಾಬೀತಾಗಿಲ್ಲವಲ್ಲ ಎಂದು ನನ್ನೊಳಗಿನ ವಿಜ್ಞಾನದ ಮಾಸ್ತರ ಆಗಾಗ ಸಮಾಧಾನ ಹೇಳುತ್ತಾನೆ. ಮಿದುಳಿನ ಮಾತು ಬಿಡಿ. ರಕ್ತ ಬಂದದ್ದು ನಿಜ, ಅವಳು ಹೇಳಿದ್ದು ನಿಜ, ನಾನು ನಗಿಸಿದ್ದೂ ನಿಜ.

ಈಗ ಅಕ್ಕ ನಮ್ಮಲ್ಲೇ ಇದ್ದಾಳೆ. ಚಿಕಿತ್ಸೆಯಾಗಿ ರಕ್ತ ನಿಂತಿದೆ, ಮರೆವು ನಿಂತಿಲ್ಲ. ಕೆಲವು ಬೆಳಗು ನನ್ನ ಹೆಸರೂ ಅವಳಿಗೆ ಹೊಳೆಯುವುದಿಲ್ಲ. ಮೆತ್ತನೆಯ ಬ್ರಶ್ಶಿಗೆ ಪೇಸ್ಟು ಹಚ್ಚಿ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತೇನೆ. ನಿನ್ನೆ ಹಾಗೆ ಕೊಟ್ಟಾಗ ನನ್ನನ್ನು ದಿಟ್ಟಿಸಿ ನೋಡಿದಳು.

"ನೀ ಹಲ್ಲು ತಿಕ್ಕೊಂಡಿಯೇನು?"

"ಆಮ್ಯಾಲ ತಿಕ್ಕೋತೇನಿ."

"ಈಗ ತಿಕ್ಕೊ."

ಹೆಸರು ಮರೆತರೂ ಅಕ್ಕತನ ಮರೆತಿರಲಿಲ್ಲ. ಅರವತ್ತೆರಡರ ನಾನು ನನ್ನ ಬ್ರಶ್ಶು ತರಲು ಹೋದೆ.